ಎಂಒಟಿ ಪಾಸ್ ಆಗಿದೆ ಅಂದ್ರೆ ಹಳೇ ಬೈಕ್ ನಂಬಿ ತಗೊಳ್ಳಬಹುದಾ?

ನೀವು ಕೇಳಿರೋದು ಇಷ್ಟು: ಇಂಗ್ಲೆಂಡಿಗೆ ಹೊಸದಾಗಿ ಬಂದಿದ್ದೀರಿ, ಓಡಾಟಕ್ಕೆ ಒಂದು ಸೆಕೆಂಡ್ ಹ್ಯಾಂಡ್ ಬೈಕ್ ಬೇಕು. 2019ರ ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650 ಒಂದು, ಹಳೇ ಯಮಹಾ ವೈಬಿಆರ್ 125 ಒಂದು ನೋಡಿದ್ದೀರಿ. ಎರಡಕ್ಕೂ ಎಂಒಟಿ, ಅಂದರೆ ಗಾಡಿ ರಸ್ತೆಗಿಳಿಯಲು ಯೋಗ್ಯವಾ ಅಂತ ಇಲ್ಲಿ ಪ್ರತಿ ವರ್ಷ ಮಾಡುವ ಕಡ್ಡಾಯ ಟೆಸ್ಟಿನ ಸರ್ಟಿಫಿಕೇಟ್, ಇದೆ. ಹಾಗಾದರೆ ಗಾಡಿ ಗಟ್ಟಿ ಅಂತ ನಂಬಬಹುದಾ? ಆ ಟೆಸ್ಟಿನಲ್ಲಿ ಬೈಕ್‌ಗಳು ಸಾಮಾನ್ಯವಾಗಿ ಯಾತಕ್ಕೆ ಫೇಲ್ ಆಗುತ್ತವೆ?

ನಾನು ದಾವಣಗೆರೆಯವನು. ಇಲ್ಲಿ ಮಿಡ್‌ಲ್ಯಾಂಡ್ಸ್ ಕಡೆ ಒಂದು ಬೈಕ್ ವರ್ಕ್‌ಶಾಪಿನಲ್ಲಿ ಕೆಲಸ ಮಾಡುತ್ತೇನೆ. ಟೆಸ್ಟ್ ಮಾಡುವವನು ನಾನಲ್ಲ. ಆದರೆ ಟೆಸ್ಟಿಗೆ ಹೋಗುವ ಮುಂಚೆ ಮತ್ತು ಫೇಲ್ ಆಗಿ ಬಂದ ಮೇಲೆ ಗಾಡಿ ಬರೋದು ನನ್ನ ಹತ್ತಿರವೇ.

ನೇರವಾಗಿ ಹೇಳಬೇಕೆಂದರೆ, ಪಾಸ್ ಆಗಿದೆ ಅನ್ನೋ ಒಂದೇ ಮಾತಿಗೆ ದುಡ್ಡು ಕೊಡಬೇಡಿ. ಆದರೆ ಆ ಗಾಡಿಯ ಹಿಂದಿನ ಎಲ್ಲ ವರ್ಷಗಳ ಎಂಒಟಿ ದಾಖಲೆ ಇದೆಯಲ್ಲ, ಅದನ್ನು ಓದದೆ ಯಾವ ಬೈಕನ್ನೂ ತಗೊಳ್ಳಬೇಡಿ.

ನಮ್ಮೂರಿನಲ್ಲಿ ಸ್ವಂತ ಬೈಕಿಗೆ ಇಂಥದ್ದೊಂದು ಪದ್ಧತಿಯೇ ಇಲ್ಲ. 15 ವರ್ಷ ಆದ ಮೇಲೆ ಆರ್‌ಸಿ ನವೀಕರಿಸಲು ಆರ್‌ಟಿಒಗೆ ಹೋದಾಗ ಗಾಡಿ ನೋಡುತ್ತಾರೆ. ಅಲ್ಲಿಯವರೆಗೆ ಎಮಿಷನ್ ಚೀಟಿ, ಇನ್ಶೂರೆನ್ಸ್ ಇದ್ದರೆ ಮುಗೀತು. ಇಲ್ಲಿ ಬೈಕಿಗೆ ಮೂರು ವರ್ಷ ತುಂಬಿದಾಗಿನಿಂದ ಪ್ರತಿ ವರ್ಷ ಟೆಸ್ಟ್. ಎಂಒಟಿ ಅನ್ನೋದು ಶುರುವಾಗಿದ್ದು 1960ರಲ್ಲಿ. ಸೈಡ್‌ಕಾರ್ ಇಲ್ಲದ ಬೈಕಿಗೆ ಹೆಚ್ಚೆಂದರೆ 29.65 ಪೌಂಡ್ ತೆಗೆದುಕೊಳ್ಳಬಹುದು, ಅದಕ್ಕಿಂತ ಜಾಸ್ತಿ ಕೇಳುವ ಹಾಗಿಲ್ಲ. ತಮಾಷೆ ಏನಂದ್ರೆ, ನಮ್ಮಲ್ಲಿ ಕಡ್ಡಾಯವಾಗಿರೋ ಹೊಗೆ ಪರೀಕ್ಷೆ ಇಲ್ಲಿ ಬೈಕಿಗೆ ಇಲ್ಲ. ಕಾರಿಗೆ ಮಾತ್ರ ಇದೆ.

ಇನ್ನೊಂದು ದೊಡ್ಡ ವಿಷಯ. ಎಂಜಿನ್, ಕ್ಲಚ್, ಗೇರ್‌ಬಾಕ್ಸ್ ಹೇಗಿವೆ ಅಂತ ಈ ಟೆಸ್ಟಿನಲ್ಲಿ ನೋಡುವುದೇ ಇಲ್ಲ. ಟೈಮಿಂಗ್ ಚೈನ್ ಗಲಗಲ ಅಂದರೂ, ಕ್ಲಚ್ ಪ್ಲೇಟ್ ಸವೆದು ಹೋಗಿದ್ದರೂ, ಬ್ರೇಕು, ಲೈಟು, ಟೈರು, ಸ್ಟೀರಿಂಗ್ ಸರಿ ಇದ್ದರೆ ಗಾಡಿ ಪಾಸ್. ಎಂಜಿನ್ ಎಷ್ಟು ಗಟ್ಟಿ ಅನ್ನೋದು ನಿಮ್ಮ ಪ್ರಶ್ನೆ, ಗಾಡಿ ಇವತ್ತು ರಸ್ತೆಯಲ್ಲಿ ಯಾರನ್ನೂ ಕೆಡವುವುದಿಲ್ಲ ತಾನೇ ಅನ್ನೋದು ಟೆಸ್ಟಿನ ಪ್ರಶ್ನೆ. ಅದೂ ಆ ದಿನದ ಮಟ್ಟಿಗೆ ಮಾತ್ರ. ಮಾರನೇ ದಿನ ಬ್ರೇಕ್ ಆಯಿಲ್ ಸೋರಿದರೆ ಸರ್ಟಿಫಿಕೇಟ್ ಕೈಯಲ್ಲಿ ಹಿಡಿದುಕೊಂಡು ಏನು ಮಾಡೋಣ?

ಈಗ ಫೇಲ್ ಆಗುವ ವಿಚಾರ. ಒಟ್ಟಾರೆ ನೋಡಿದರೆ ಕಾರುಗಳಿಗಿಂತ ಬೈಕ್‌ಗಳು ಕಡಿಮೆ ಫೇಲ್ ಆಗುತ್ತವೆ. ಇಲ್ಲಿ ತುಂಬಾ ಜನಕ್ಕೆ ಬೈಕು ಶೋಕಿಯ ಗಾಡಿ, ಬಿಸಿಲು ಬಂದ ದಿನ ಮಾತ್ರ ಹೊರಗೆ ತೆಗೆಯುತ್ತಾರೆ. ಅದೂ ಒಂದು ಕಾರಣ ಅಂತ ನನಗನ್ನಿಸುತ್ತದೆ.

ಫೇಲ್ ಆಗುವವುಗಳಲ್ಲಿ ಮೊದಲ ಜಾಗ ಲೈಟುಗಳದ್ದು. ಬಲ್ಬ್ ಹೋಗಿರೋದು, ಇಂಡಿಕೇಟರ್ ಮಿಟುಕದೇ ಇರೋದು, ಹೆಡ್‌ಲೈಟ್ ಬೀಮ್ ತೀರಾ ಮೇಲಕ್ಕೆ ಕೂತಿರೋದು. ಅಗ್ಗದ ಎಲ್‌ಇಡಿ ಬಲ್ಬ್ ತಂದು ಹಳೇ ಹೆಡ್‌ಲೈಟಿನ ಒಳಗೆ ತುರುಕಿದರೆ ಬೆಳಕು ಚದುರಿ ಬೀಮ್ ಸರಿಯಾಗಿ ಕೂರುವುದೇ ಇಲ್ಲ. ಬ್ರೇಕ್ ಲೈಟಿನದು ಇನ್ನೊಂದು ಕಥೆ. 1986ರ ಏಪ್ರಿಲ್ 1ರಿಂದ ಈಚೆಗೆ ರಸ್ತೆಗಿಳಿದ ಬೈಕಿನಲ್ಲಿ ಕೈ ಬ್ರೇಕ್ ಹಿಡಿದರೂ ಕಾಲು ಬ್ರೇಕ್ ಒತ್ತಿದರೂ ಎರಡಕ್ಕೂ ಹಿಂದಿನ ದೀಪ ಹತ್ತಬೇಕು. ಕಾಲು ಬ್ರೇಕಿನ ಸ್ವಿಚ್ ಚಕ್ರದ ಹತ್ತಿರ, ಕೆಸರು ನೀರು ಎರಚುವ ಜಾಗದಲ್ಲಿ ಇರುತ್ತದೆ. ಅದು ಹಿಡಿದುಕೊಂಡು ಬಿಡುತ್ತದೆ, ಓಡಿಸುವವನಿಗೆ ಗೊತ್ತೇ ಆಗಿರುವುದಿಲ್ಲ. ಮನೆಯಲ್ಲೇ ಗೋಡೆಗೆ ಹಿಂಭಾಗ ಮಾಡಿ ಗಾಡಿ ನಿಲ್ಲಿಸಿ ಒಂದೊಂದೇ ಬ್ರೇಕ್ ಒತ್ತಿ ನೋಡಿದ್ದರೆ ಸಾಕಾಗಿತ್ತು. ಸುಮ್ನೆ ಫೇಲ್ ಮಾಡಿಸಿಕೊಳ್ಳುತ್ತಾರೆ.

ನಾನು ಜಾಸ್ತಿ ತಲೆಕೆಡಿಸಿಕೊಳ್ಳೋದು ಸ್ಟೀರಿಂಗ್ ಬೇರಿಂಗ್ ಬಗ್ಗೆ, ನಮ್ಮ ಕಡೆ ಕೋನ್ ಸೆಟ್ ಅಂತೀವಲ್ಲ, ಅದೇ. ಮುಂದಿನ ಚಕ್ರ ನೆಲದಿಂದ ಮೇಲೆತ್ತಿ, ಹ್ಯಾಂಡಲ್ ತುದಿಯನ್ನು ಎರಡೇ ಬೆರಳಿನಲ್ಲಿ ಹಿಡಿದು ಎಡದಿಂದ ಬಲಕ್ಕೆ ನಿಧಾನವಾಗಿ ತಿರುಗಿಸಬೇಕು. ಬೇರಿಂಗ್ ಚೆನ್ನಾಗಿದ್ದರೆ ಹ್ಯಾಂಡಲ್ ತಾನಾಗೇ ಜಾರಿಕೊಂಡು ಹೋಗುತ್ತದೆ. ಹೋಗಿದ್ದರೆ ನಟ್ಟನಡುವೆ, ಚಕ್ರ ನೇರ ನಿಂತಾಗ, ಸಣ್ಣದೊಂದು ಗುಳಿಯಲ್ಲಿ ಕೂತ ಹಾಗೆ ಟಕ್ ಅಂತ ನಿಲ್ಲುತ್ತದೆ. ಗಾಡಿ ಸದಾ ನೇರ ಹೋಗುವಾಗ ಏಟು ಬೀಳೋದು ಅದೇ ಜಾಗಕ್ಕೆ, ಗುಳಿ ಬೀಳೋದೂ ಅಲ್ಲೇ. ಆಮೇಲೆ ಫೋರ್ಕಿನ (ಮುಂದಿನ ಚಕ್ರವನ್ನು ಹಿಡಿದಿರುವ ಎರಡು ಕೊಳವೆಗಳು) ಕೆಳಭಾಗ ಹಿಡಿದು ಹಿಂದೆ ಮುಂದೆ ಎಳೆದು ನೋಡಬೇಕು. ಲಟಕ್ ಅಂದರೆ ಬೇರಿಂಗ್ ಸಡಿಲ ಇದೆ ಅಂತ. ಈ ಎರಡೂ ಕೆಲಸ ನೀವೇ ಮಾಡಬಹುದು. ಸೆಂಟರ್ ಸ್ಟ್ಯಾಂಡ್ ಇದ್ದರೆ ಹಿಂದಿನ ಸೀಟಿನ ಮೇಲೆ ಒಬ್ಬರು ಭಾರ ಬಿಟ್ಟರೆ ಮುಂದಿನ ಚಕ್ರ ಮೇಲೇಳುತ್ತದೆ. ಹಾಗೇ ಫೋರ್ಕ್ ಕೊಳವೆಗಳ ಮೇಲೆ ಬೆರಳು ಆಡಿಸಿ. ಎಣ್ಣೆ ಅಂಟಿದರೆ ಆಯಿಲ್ ಸೀಲ್ ಹೋಗಿದೆ. ಉಗುರಿಗೆ ತರಿತರಿ ಸಿಕ್ಕಿದರೆ ಕ್ರೋಮ್ ಕೆಳಗೆ ತುಕ್ಕು ಎದ್ದಿದೆ, ಹೊಸ ಸೀಲ್ ಹಾಕಿದರೂ ಆ ತುಕ್ಕು ಅದನ್ನು ಮತ್ತೆ ಹರಿಯುತ್ತದೆ. ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ, ಇಲ್ಲವೇ ಬಿಟ್ಟುಬಿಡಿ.

ತುಕ್ಕಿನ ಮಾತು ಬಂತಲ್ಲ, ಇಲ್ಲಿ ಬೈಕಿನ ನಿಜವಾದ ಶತ್ರು ಅದೇ. ಚಳಿಗಾಲದಲ್ಲಿ ರಸ್ತೆ ಹೆಪ್ಪುಗಟ್ಟಬಾರದು ಅಂತ ಉಪ್ಪು ಸುರಿಯುತ್ತಾರೆ. ಆ ಉಪ್ಪು ನೀರು ಬ್ರೇಕ್ ಕ್ಯಾಲಿಪರ್ (ಡಿಸ್ಕಿಗೆ ಪ್ಯಾಡ್ ಒತ್ತುವ ಭಾಗ) ಒಳಗೆ ಸೇರುತ್ತದೆ. ಪಿಸ್ಟನ್ ಹಿಡಿದುಕೊಳ್ಳುತ್ತದೆ, ಪಿನ್ನುಗಳು ಜಾರುವುದಿಲ್ಲ, ಒಂದು ಕಡೆಯ ಪ್ಯಾಡ್ ಮಾತ್ರ ಸವೆಯುತ್ತದೆ. ಟೆಸ್ಟಿನಲ್ಲಿ ಒಂದು ಬ್ರೇಕ್ ಕನಿಷ್ಠ 30 ಪರ್ಸೆಂಟ್, ಇನ್ನೊಂದು 25 ಪರ್ಸೆಂಟ್ ಹಿಡಿತ ತೋರಿಸಬೇಕು. ಉಪ್ಪು ಕುಡಿದ ಕ್ಯಾಲಿಪರಿಗೆ ಅದೇ ಕಷ್ಟವಾಗುತ್ತದೆ. ನಾಲ್ಕು ಚಳಿಗಾಲ ಓಡಿ, ಒಮ್ಮೆಯೂ ಬಿಚ್ಚಿ ಗ್ರೀಸ್ ಕಾಣದ ಕ್ಯಾಲಿಪರ್‌ಗಳು ನಮ್ಮಲ್ಲಿಗೆ ಬರುತ್ತವೆ. ಬೋಲ್ಟ್ ಬಿಚ್ಚೋಕೆ ಹೋದರೆ ಬೋಲ್ಟೇ ಮುರಿದು ಕೈಗೆ ಬರುತ್ತದೆ.

ನಿಮ್ಮ ಇಂಟರ್‌ಸೆಪ್ಟರ್‌ಗೆ ಇದಕ್ಕೂ ನೇರ ನಂಟಿದೆ. ಚೆನ್ನೈನಲ್ಲಿ ತಯಾರಾಗುವ ಗಾಡಿ ಅದು. 2020ರಲ್ಲಿ ರಾಯಲ್ ಎನ್‌ಫೀಲ್ಡ್ ಕಂಪನಿ ಬ್ರಿಟನ್, ಯುರೋಪ್ ಮತ್ತು ದಕ್ಷಿಣ ಕೊರಿಯಾದಲ್ಲಿ ಮಾರಿದ್ದ ಸುಮಾರು 15,200 ಬೈಕ್‌ಗಳನ್ನು ವಾಪಸ್ ಕರೆಸಿ ಬ್ರೇಕ್ ಕ್ಯಾಲಿಪರ್ ನೋಡಿಕೊಟ್ಟಿತು. ಇಂಟರ್‌ಸೆಪ್ಟರ್, ಕಾಂಟಿನೆಂಟಲ್ ಜಿಟಿ, ಹಿಮಾಲಯನ್ ಮೂರೂ ಅದರಲ್ಲಿದ್ದವು. ಕಾರಣ ಇದೇ ರಸ್ತೆ ಉಪ್ಪಿನಿಂದ ಬರುವ ತುಕ್ಕು. ಮದ್ರಾಸ್ ಬಿಸಿಲಿಗೆ ಗೊತ್ತಿಲ್ಲದ ಕಾಯಿಲೆ ಇದು. ನೀವು ನೋಡಿರೋ ಗಾಡಿ 2019ರದ್ದು, ಹಾಗಾಗಿ ಮಾಲೀಕರನ್ನು ಮೊದಲು ಕೇಳಬೇಕಾದ್ದು ಇದನ್ನೇ. ಬಾಕಿ ಇರುವ ರೀಕಾಲ್ ಇದೆಯಾ ಅಂತ ನಂಬರ್ ಹಾಕಿ ಸರ್ಕಾರದ ಸೈಟಿನಲ್ಲೇ ನೋಡಬಹುದು.

ಟೈರ್ ವಿಷಯ ಬೇಗ ಮುಗಿಸುತ್ತೇನೆ. ಅಗಲದ ಮುಕ್ಕಾಲು ಭಾಗದಲ್ಲಿ, ಸುತ್ತಲೂ, 1 ಮಿ.ಮೀ. ಆಳ ಇರಬೇಕು. ಕಾರಿಗಾದರೆ 1.6. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2318 ಅಂತಿದ್ದರೆ 2018ರ 23ನೇ ವಾರದ್ದು. ವಯಸ್ಸಾಗಿದೆ ಅನ್ನೋ ಒಂದೇ ಕಾರಣಕ್ಕೆ ಬೈಕ್ ಟೈರ್ ಫೇಲ್ ಆಗುವುದಿಲ್ಲ, ಆದರೆ ಗಟ್ಟಿಯಾದ ಹಳೇ ರಬ್ಬರ್ ಮಳೆಯಲ್ಲಿ ಹಿಡಿಯುವುದಿಲ್ಲ. ಇಲ್ಲಿ ಮಳೆಗೇನು ಬರವೇ! ಚೈನ್ ತೀರಾ ಸಡಿಲ ಇದ್ದರೆ, ಸ್ಪ್ರಾಕೆಟ್ ಹಲ್ಲು ಕೊಕ್ಕೆಯಾಗಿದ್ದರೆ ಅದೂ ಫೇಲ್. ಸೈಲೆನ್ಸರ್ ಮೇಲೆ ರಸ್ತೆಗಲ್ಲ, ರೇಸಿಗೆ ಮಾತ್ರ ಅಂತ ಅಚ್ಚು ಹಾಕಿದ್ದರೆ ಮಾತೇ ಇಲ್ಲ. ಟೆಸ್ಟಿನ ಹಿಂದಿನ ದಿನ ಹಳೇ ಸೈಲೆನ್ಸರ್ ಹಾಕಿಸಿ, ಮಾರನೇ ದಿನ ಮತ್ತೆ ಬದಲಿಸುವವರು ಇಲ್ಲಿಯೂ ಇದ್ದಾರೆ. ಜನ ಎಲ್ಲಾ ಕಡೆ ಒಂದೇ ಅಲ್ವಾ.

ಈಗ ದಾಖಲೆ ಓದುವ ಬಗ್ಗೆ. ಸರ್ಕಾರದ ಎಂಒಟಿ ಹಿಸ್ಟರಿ ಪುಟದಲ್ಲಿ ಗಾಡಿ ನಂಬರ್ ಒಂದೇ ಹಾಕಿದರೆ ಸಾಕು. ಬಿಟ್ಟಿ. 2005ರಿಂದ ಈಚಿನ ಟೆಸ್ಟ್‌ಗಳು, ಪಾಸೋ ಫೇಲೋ, ಯಾಕೆ ಫೇಲ್, ಆ ದಿನ ಎಷ್ಟು ಮೈಲಿ ಓಡಿತ್ತು, ಎಲ್ಲಾ ಬರುತ್ತದೆ. 2018ರ ಮೇ ತಿಂಗಳಿನಿಂದ ದೋಷಗಳನ್ನು ಡೇಂಜರಸ್, ಮೇಜರ್, ಮೈನರ್ ಅಂತ ವಿಂಗಡಿಸಿದ್ದಾರೆ. ಮೊದಲ ಎರಡಕ್ಕೆ ಫೇಲ್. ಇವುಗಳ ಜೊತೆಗೆ ಅಡ್ವೈಸರಿ ಅಂತ ಇರುತ್ತದೆ: ಈಗ ಪಾಸ್, ಆದರೆ ಇದರ ಮೇಲೆ ಕಣ್ಣಿಡಿ ಅನ್ನೋದು.

ಎಲ್ಲರೂ ಫೇಲ್ ಅನ್ನೋದನ್ನು ಹುಡುಕುತ್ತಾರೆ. ನಾನು ಮೊದಲು ಓದೋದು ಅಡ್ವೈಸರಿ. ಒಂದು ವರ್ಷದ ಟೆಸ್ಟಿನಲ್ಲಿ, ಹಿಂದಿನ ಬ್ರೇಕಿನ ಪ್ಯಾಡ್ ಸವೆದಿದೆ ಅಂತ ಬರೆದಿದ್ದಾರೆ, ಮುಂದಿನ ವರ್ಷ ಆ ಸಾಲೇ ಇಲ್ಲ ಅಂದರೆ ಮಾಲೀಕ ಹೇಳಿದ ಮಾತು ಕೇಳಿ ಕೆಲಸ ಮಾಡಿಸಿದ್ದಾನೆ. ಅದೇ ಸಾಲು ಎರಡು ವರ್ಷ ಹಾಗೇ ಇದ್ದು, ಮೂರನೇ ವರ್ಷ ಫೇಲ್ ಆಗಿ, ಮಾರನೇ ದಿನ ಪಾಸ್ ಆಗಿದ್ದರೆ ಕುತ್ತಿಗೆಗೆ ಬಂದಾಗ ಮಾತ್ರ ಜೇಬಿಗೆ ಕೈ ಹಾಕುವ ಗಿರಾಕಿ. ಅಂಥವನು ಎಂಜಿನ್ ಆಯಿಲ್ ಹೊತ್ತಿಗೆ ಸರಿಯಾಗಿ ಬದಲಿಸಿರುತ್ತಾನೆ ಅಂತ ನನಗೆ ನಂಬಿಕೆ ಇಲ್ಲ. ಬಲ್ಬ್ ಹೋಗಿ ಫೇಲ್ ಆದ ಗಾಡಿ ಇದಕ್ಕಿಂತ ಎಷ್ಟೋ ವಾಸಿ.

ಮೈಲಿ ಲೆಕ್ಕವನ್ನೂ ಸಾಲಾಗಿ ನೋಡಿ. ಹಿಂದಿನ ವರ್ಷಕ್ಕಿಂತ ಕಡಿಮೆ ಬಂದಿದ್ದರೆ ಮೀಟರ್ ಬದಲಾಗಿದೆ ಅಥವಾ ತಿರುಗಿಸಿದ್ದಾರೆ. ಬರೆಯುವಾಗ ತಪ್ಪಾಗಿರಲೂಬಹುದು, ಮಾಲೀಕನನ್ನೇ ಕೇಳಿ. ವರ್ಷಕ್ಕೆ ನಲವತ್ತು ಐವತ್ತು ಮೈಲಿ ಮಾತ್ರ ಏರಿದ್ದರೆ ಖುಷಿ ಪಡಬೇಡಿ. ಕಡಿಮೆ ಓಡಿದ ಗಾಡಿ ಒಳ್ಳೇದು ಅನ್ನೋದು ನಮ್ಮ ಕಡೆಯ ಲೆಕ್ಕ. ಇಲ್ಲಿ ಒದ್ದೆ ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಟ್ಯಾಂಕಿನೊಳಗೆ ತುಕ್ಕು, ಸತ್ತ ಬ್ಯಾಟರಿ, ಒಣಗಿದ ಸೀಲುಗಳು ಇರುತ್ತವೆ. ಒಂದೇ ಸಮ ಓಡಿದ ಮೂವತ್ತು ಸಾವಿರ ಮೈಲಿಯ ಗಾಡಿಯನ್ನು ನಾನು ಕಣ್ಣು ಮುಚ್ಚಿಯಲ್ಲದಿದ್ದರೂ ಧೈರ್ಯವಾಗಿ ತಗೊಳ್ಳುತ್ತೇನೆ.

ಗಾಡಿ ಮೇಲೆ ಸಾಲ ಬಾಕಿ ಇದೆಯಾ, ಆ್ಯಕ್ಸಿಡೆಂಟ್ ಆಗಿ ಇನ್ಶೂರೆನ್ಸಿನವರು ಕೈಬಿಟ್ಟದ್ದಾ ಅನ್ನೋದು ಈ ಪುಟದಲ್ಲಿ ಬರುವುದಿಲ್ಲ. ಅದಕ್ಕೆ ದುಡ್ಡು ಕೊಟ್ಟು ಬೇರೆ ಚೆಕ್ ಮಾಡಿಸಬೇಕು. ಮಾಡಿಸಿ.

ಎಂಜಿನ್ ನೋಡೋಕೆ ಹೋಗುವಾಗ, “ನಾನು ಬರುವ ಮುಂಚೆ ಸ್ಟಾರ್ಟ್ ಮಾಡಬೇಡಿ” ಅಂತ ಮಾಲೀಕನಿಗೆ ಹೇಳಿ. ಹೋದ ತಕ್ಷಣ ಎಂಜಿನ್ ಮುಟ್ಟಿ. ಬೆಚ್ಚಗಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಅಂತ ಅನುಮಾನ ಪಡಬಹುದು. ಒಂದು ಮಲ್ಟಿಮೀಟರ್ ಜೇಬಿನಲ್ಲಿರಲಿ. ಎಂಜಿನ್ ಆಫ್ ಇದ್ದಾಗ ಬ್ಯಾಟರಿ 12.6 ವೋಲ್ಟ್ ಆಸುಪಾಸು, ಆಕ್ಸಿಲರೇಟರ್ ಕೊಟ್ಟಾಗ 14ರ ಆಸುಪಾಸು ತೋರಿಸಬೇಕು. 13 ದಾಟದಿದ್ದರೆ ಚಾರ್ಜಿಂಗ್ ಕಾಯಿಲ್ ಅಥವಾ ಬ್ಯಾಟರಿಗೆ ಹೋಗುವ ಕರೆಂಟನ್ನು ಹತೋಟಿಯಲ್ಲಿಡುವ ಆರ್‌ಆರ್ ಯೂನಿಟ್ ಮೇಲೆ ಗುಮಾನಿ. 15 ದಾಟಿದರೂ ಆರ್‌ಆರ್ ಯೂನಿಟ್ ಹೋಗಿದೆ. ಗಟ್ಟಿ ಗಾಡಿ ಅಂತ ಹೆಸರಾದ ಹಳೇ ಹೋಂಡಾಗಳಲ್ಲೂ ಈ ಯೂನಿಟ್ ಸುಟ್ಟು ಹೋಗೋದು ಮಾಮೂಲಿ.

ಕೊನೆಗೆ ನಿಮ್ಮ ಎರಡು ಗಾಡಿಗಳಲ್ಲಿ ಯಾವುದು? ಇದನ್ನು ಗಾಡಿಗಿಂತ ನಿಮ್ಮ ಲೈಸೆನ್ಸ್ ತೀರ್ಮಾನಿಸುತ್ತದೆ. ಇಂಡಿಯಾ ಲೈಸೆನ್ಸಿನಲ್ಲಿ ಬೈಕ್ ಇದ್ದರೆ ಇಲ್ಲಿ ವಾಸಕ್ಕೆ ಬಂದ ದಿನದಿಂದ 12 ತಿಂಗಳು ಓಡಿಸಬಹುದು. ಆಮೇಲೆ ಅದನ್ನು ಇಲ್ಲಿನದಕ್ಕೆ ಬದಲಾಯಿಸಿಕೊಡುವುದಿಲ್ಲ. ಪ್ರೊವಿಜನಲ್ (ಕಲಿಯುವವರ ಲೈಸೆನ್ಸ್) ಮಾಡಿಸಿ, ಸಿಬಿಟಿ ಅನ್ನೋ ಕಡ್ಡಾಯ ಮೂಲ ತರಬೇತಿ ಮುಗಿಸಿ, ಎಲ್ ಬೋರ್ಡ್ ಹಾಕಿಕೊಂಡು 125 ಸಿಸಿ ಮಾತ್ರ. ಪೂರ್ತಿ ಲೈಸೆನ್ಸಿನ ಟೆಸ್ಟ್ ನೀವು ಪಾಸ್ ಆಗೋವರೆಗೆ 650 ಶೆಡ್ಡಿನಲ್ಲೇ. ಹಾಗಾಗಿ ಟೆಸ್ಟ್ ತಗೊಳ್ಳುವ ಮನಸ್ಸು, ದುಡ್ಡು ಎರಡೂ ಈ ವರ್ಷವೇ ಇದ್ದರೆ ಇಂಟರ್‌ಸೆಪ್ಟರ್, ಕ್ಯಾಲಿಪರ್ ಕೆಲಸ ಆಗಿರೋದಕ್ಕೆ ಬಿಲ್ ತೋರಿಸಿದರೆ ಮಾತ್ರ. ಇಲ್ಲವಾದರೆ ವೈಬಿಆರ್. ಕಲಿಯುವವರ ಕೈಯಲ್ಲಿ ನಾಲ್ಕು ಸಲ ಬಿದ್ದಿರುತ್ತದೆ, ಅದಕ್ಕೆ ಲಿವರ್, ಹ್ಯಾಂಡಲ್, ಫುಟ್‌ರೆಸ್ಟ್ ಬಾಗಿವೆಯಾ ನೋಡಿ. ಸೈಲೆನ್ಸರ್ ತುಕ್ಕು ಹಿಡಿದಿದ್ದರೆ ಗಾಬರಿ ಬೇಡ, ತೂತು ಬಿದ್ದಿದೆಯಾ ಅಂತ ಮಾತ್ರ ನೋಡಿಕೊಳ್ಳಿ. ಎರಡಕ್ಕೂ ಇನ್ಶೂರೆನ್ಸ್ ಎಷ್ಟಾಗುತ್ತೆ ಅಂತ ಇವತ್ತೇ ಕೇಳಿ, ಅಡ್ವಾನ್ಸ್ ಕೊಟ್ಟ ಮೇಲಲ್ಲ. ಇಂಡಿಯಾ ಲೈಸೆನ್ಸ್ ಅಂದ ಕೂಡಲೇ ಅವರು ಹೇಳುವ ರೇಟಿನಲ್ಲಿ ಇನ್ನೊಂದು ವೈಬಿಆರ್ ಬಂದರೂ ಬರಬಹುದು.