ನಾಯಿ ಮಾವಿನ ವಾಟೆ ನುಂಗಿದೆ. ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಲಾ, ತಾನಾಗಿ ಬೀಳಲಿ ಅಂತ ಕಾಯಲಾ?

ಎರಡೂ ಬೇಡ. ಎಕ್ಸ್-ರೇ ಇರುವ ನಾಯಿ ದವಾಖಾನೆ ಹಾವೇರಿಯಲ್ಲಿ ಸಿಕ್ಕರೆ ಅಲ್ಲಿಗೆ, ಇಲ್ಲದಿದ್ದರೆ ಹುಬ್ಬಳ್ಳಿಗೆ, ಈಗಲೇ ಫೋನ್ ಮಾಡಿ ಹೊರಡಿ. ಉಳಿದದ್ದನ್ನು ಗಾಡಿಯಲ್ಲಿ ಕೂತು ಓದಿ.

ಊರು ಹಾವೇರಿ ಕಡೆ, ನಾಯಿ ಎರಡು ವರ್ಷದ ಲ್ಯಾಬ್ರಡಾರ್ (ಲ್ಯಾಬ್), ಆಪೂಸ್ ಹಣ್ಣಿನ ವಾಟೆ, ನುಂಗಿ ಒಂದು ಗಂಟೆ ಆಗಿದೆ, "ಈಗಂತೂ ಆರಾಮಾಗಿ ಆಡ್ತಾ ಇದೆ" ಅಂತ ಬರೆದಿದ್ದೀರಿ. ಆ ಕೊನೆಯ ಮಾತು ಓದಿದ ಮೇಲೆ ಸುಮ್ನೆ ಇರಲು ಆಗಲಿಲ್ಲ. ನಮ್ಮ ನಾಯಿ ಕಾಳ್ಯಾ ಕೂಡ ಆರಾಮಾಗಿಯೇ ಆಡುತ್ತಿದ್ದ.

ನಮ್ಮ ಮನೆ ಇರುವುದು ಹುಬ್ಬಳ್ಳಿಯ ಉಣಕಲ್ ಕಡೆ. ಮಳೆಗಾಲದ ಸಂಜೆ ಕೆರೆ ದಂಡೆಯಲ್ಲಿ ಗೋವಿನಜೋಳದ ತೆನೆ ಸುಟ್ಟು ಮಾರುತ್ತಾರೆ. ಜನ ಕಾಳು ತಿಂದು ಬೆಂಡನ್ನು ಅಲ್ಲೇ ಎಸೆದು ಹೋಗುತ್ತಾರೆ. ಕಾಳ್ಯಾ ಅರ್ಧ ಲ್ಯಾಬ್, ಅರ್ಧ ನಮ್ಮ ಓಣಿಯ ನಾಯಿ. ಮೂಗು ನೆಲಕ್ಕೆ ಹಚ್ಚಿಯೇ ನಡೆಯುವವನು. ಖಾರ, ಲಿಂಬೆ ಹತ್ತಿದ ಒಂದು ಬೆಂಡು ಅವನಿಗೆ ಸಿಕ್ಕಿತು. ನಾನು "ಬಿಡೋ, ಬಿಡೋ" ಎಂದು ಕೂಗುತ್ತಾ ಓಡಿ ಹೋಗಿ ಅವನ ಬಾಯಿಗೆ ಕೈ ಹಾಕಿದೆ. ಅವನು ಒಮ್ಮೆ ಕಚಕ್ ಎಂದು ಕಡಿದವನೇ ನುಂಗಿಬಿಟ್ಟ. ಯಾರೋ ಕಸಿದುಕೊಳ್ಳಲು ಬಂದರು ಅನ್ನಿಸಿದರೆ ನಾಯಿ ಬಾಯಲ್ಲಿ ಇದ್ದದ್ದನ್ನು ಉಗುಳುವುದಿಲ್ಲ, ಇನ್ನೂ ಬೇಗ ನುಂಗುತ್ತದೆ. ಕೈಯಲ್ಲಿ ಬೇಯಿಸಿದ ಮೊಟ್ಟೆಯ ತುಂಡು ಹಿಡಿದು ಕರೆದಿದ್ದರೆ ಬೆಂಡು ಬಿಟ್ಟು ಬರುತ್ತಿದ್ದನೇನೋ. ಇದನ್ನು ಆಮೇಲೆ ಕಲಿಸಿದೆ, ಅದು ಬೇರೆ ಕಥೆ.

ಮನೆಗೆ ಬಂದು ಅವ್ವನಿಗೆ ಹೇಳಿದೆ. "ಅಯ್ಯ ಬಿಡೋ, ನಾಯಿ ಹೊಟ್ಟ್ಯಾಗ ಎಲುಬೇ ಕರಗ್ತಾವು, ಇದೇನ್ ಮಹಾ" ಅಂದಳು. ನಮ್ಮ ಕಡೆ ಎಲ್ಲರೂ ನಂಬಿರುವ ಮಾತು ಇದು. ಹಸಿ ಎಲುಬಿನ ಮಟ್ಟಿಗೆ ಸ್ವಲ್ಪ ನಿಜವೂ ಹೌದು, ನಾಯಿಯ ಹೊಟ್ಟೆಯ ಆಮ್ಲ ಜೋರಾಗಿರುತ್ತದೆ. ಆದರೆ ಗೋವಿನಜೋಳದ ಬೆಂಡು ಅದಕ್ಕೆ ಜಗ್ಗುವುದಿಲ್ಲ. ಮಾವಿನ ವಾಟೆಯೂ ಅಷ್ಟೇ. ಎರಡೂ ನಾರು. ನುಂಗಿದಾಗ ಹೇಗಿತ್ತೋ ಹೆಚ್ಚುಕಡಿಮೆ ಹಾಗೇ ಕೂತಿರುತ್ತವೆ. ಹೊಟ್ಟೆಯಲ್ಲಿ ಇರುವಷ್ಟು ದಿನ ನಾಯಿಗೆ ಏನೂ ಅನ್ನಿಸದೆಯೂ ಇರಬಹುದು. ಕರುಳಿಗೆ ಇಳಿದು ಒಂದು ಕಡೆ ಸಿಕ್ಕಿಕೊಂಡಾಗ ಗಂಡಾಂತರ ಶುರುವಾಗುತ್ತದೆ. ಅದು ನುಂಗಿದ ದಿನವೇ ಆಗಬಹುದು, ವಾರಗಳು ಕಳೆದ ಮೇಲೂ ಆಗಬಹುದು. ಹಾಗಾಗಿ "ಈಗ ಆಡ್ತಾ ಇದೆ" ಎನ್ನುವುದರಿಂದ ನಿಮಗೆ ಏನೂ ಗೊತ್ತಾಗುವುದಿಲ್ಲ.

ಮರುದಿನ ಬೆಳಿಗ್ಗೆ ಕಾಳ್ಯಾ ವಾಂತಿ ಮಾಡಿದ. ಅದರಲ್ಲಿ ಬೆಂಡಿನ ಒಂದು ತುಂಡು ಇತ್ತು. "ಬಂತ್ ನೋಡವ್ವ, ಹೊರಗ ಬಂತು" ಎಂದು ನಾನು ಖುಷಿಯಿಂದ ಕೂಗಿದೆ. ಆಮೇಲೆ ಅವನು ಊಟ ಮಾಡಿದ, ಬಾಲ ಅಲ್ಲಾಡಿಸಿದ, ಹೊರಗೆ ಹೋಗಿ ಕಕ್ಕ ಮಾಡಿ ಬಂದ. ನಾನು ವಿಷಯವನ್ನು ಅಲ್ಲಿಗೇ ಬಿಟ್ಟೆ.

ಆ ತುಂಡು ನನ್ನ ಬೆರಳಿನಷ್ಟು ಉದ್ದ ಇತ್ತು. ಇಡೀ ಬೆಂಡು ಒಂದು ಗೇಣು ಇರುತ್ತದೆ. ಪಕ್ಕದಲ್ಲಿ ಇನ್ನೊಂದು ಬೆಂಡು ಇಟ್ಟು ನೋಡಿದ್ದರೆ ಉಳಿದದ್ದು ಎಲ್ಲಿ ಎನ್ನುವ ಪ್ರಶ್ನೆ ಬರುತ್ತಿತ್ತು. ಇಟ್ಟು ನೋಡಲಿಲ್ಲ. ಆದರೆ ನನ್ನ ನಾಯಿಯ ಕರುಳು ತಿಂದ ತಪ್ಪು ಇದಲ್ಲ. ಅದು ಕೆಲವು ದಿನ ಬಿಟ್ಟು ಆಯಿತು.

ಕಾಳ್ಯಾ ಮತ್ತೆ ವಾಂತಿ ಶುರು ಮಾಡಿದಾಗ ಹತ್ತಿರದ ಒಂದು ದವಾಖಾನೆಗೆ ಕರೆದುಕೊಂಡು ಹೋದೆ. ಡಾಕ್ಟರು "ಏನ್ ತಿಂದಾನ್ರಿ?" ಎಂದು ಕೇಳಿದರು. ನಾನು "ಅನ್ನ, ಹಾಲು, ನಿನ್ನೆ ಅರ್ಧ ರೊಟ್ಟಿ ರೀ" ಅಂದೆ. ಸುಳ್ಳಲ್ಲ. ತಿಂದದ್ದನ್ನು ಕೇಳಿದರು, ತಿಂದದ್ದನ್ನು ಹೇಳಿದೆ. ಬೆಂಡು ನನ್ನ ತಲೆಯಲ್ಲಿ ಊಟದ ಲೆಕ್ಕಕ್ಕೆ ಬರಲೇ ಇಲ್ಲ. ಅದೂ ಅಲ್ಲದೆ ಅದು ಹೊರಗೆ ಬಂದುಬಿಟ್ಟಿದೆ ಎಂದು ನಾನೇ ತೀರ್ಮಾನ ಮಾಡಿದ್ದೆನಲ್ಲ, ಮುಗಿದ ವಿಷಯ ಯಾಕೆ ಎತ್ತಬೇಕು? ಡಾಕ್ಟರು ಹೊಟ್ಟೆ ಕೆಟ್ಟಿದೆ ಎಂದು ತಿಳಿದರು. ನಾನು ಹೇಳಿದ್ದಕ್ಕೆ ಅದು ಸರಿಯಾಗಿಯೇ ಇತ್ತು. ವಾಂತಿ ನಿಲ್ಲುವ ಇಂಜೆಕ್ಷನ್ ಕೊಟ್ಟರು, ಸಲೈನ್ ಹಾಕಿದರು.

ಇಲ್ಲಿ ಸ್ವಲ್ಪ ನಿಂತು ಓದಿ. ಕರುಳಿಗೆ ಅಡ್ಡ ಏನಾದರೂ ಸಿಕ್ಕಾಗ ನಾಯಿ ತೋರಿಸುವ ದೊಡ್ಡ ಗುರುತೇ ವಾಂತಿ. ಇಂಜೆಕ್ಷನ್ ಆ ಗುರುತನ್ನು ಅಳಿಸುತ್ತದೆ, ಅಡ್ಡ ಕೂತದ್ದು ಮಾತ್ರ ಅಲ್ಲೇ ಇರುತ್ತದೆ. ಇನ್ನು ಮೆಟೊಕ್ಲೋಪ್ರಮೈಡ್‌ನಂಥ ಔಷಧಿ ವಾಂತಿ ನಿಲ್ಲಿಸುವುದರ ಜೊತೆಗೆ ಹೊಟ್ಟೆ, ಕರುಳಿನ ಚಲನೆಯನ್ನೂ ಹೆಚ್ಚಿಸುತ್ತದೆ. ದಾರಿ ಮುಚ್ಚಿರುವಾಗ ಹಿಂದಿನಿಂದ ನೂಕಿದರೆ ಕರುಳು ಹರಿಯಬಹುದು. ಅದಕ್ಕೇ ಅಡ್ಡ ಸಿಕ್ಕಿರುವ ಅನುಮಾನ ಇದ್ದರೆ ಆ ಔಷಧಿ ಕೊಡಬಾರದು. ಇದು ಪ್ರತಿ ಪಶುವೈದ್ಯರಿಗೂ ಗೊತ್ತಿರುವ ವಿಷಯ. ಆದರೆ ಅನುಮಾನ ಬರಬೇಕಾದರೆ ಯಾರಾದರೂ ಹೇಳಬೇಕಲ್ಲ? ನಾಯಿ ಹೇಳುವುದಿಲ್ಲ. ಹೇಳಬೇಕಾದವನು ನಾನು. "ಕಳೆದ ವಾರ ಗೋವಿನಜೋಳದ ಬೆಂಡು ನುಂಗಿದ್ದ, ಒಂದು ತುಂಡು ಮಾತ್ರ ಹೊರಗೆ ಬಂದಿದೆ." ಇಷ್ಟೇ ಮಾತು. ಇದನ್ನು ಹೇಳಿದ್ದರೆ ಅವತ್ತೇ ಎಕ್ಸ್-ರೇ ಆಗುತ್ತಿತ್ತು.

ವಾಂತಿ ನಿಂತಿತು. ಗುಣವಾಯಿತು ಎಂದುಕೊಂಡೆ. ಅವನು ಆಗಾಗ ಮುಂಗಾಲು ಚಾಚಿ ಎದೆಯನ್ನು ನೆಲಕ್ಕೆ ಹಚ್ಚಿ, ಹಿಂಭಾಗ ಮೇಲೆ ಎತ್ತಿ ನಿಲ್ಲುತ್ತಿದ್ದ. ಆಟಕ್ಕೆ ಕರೆಯುತ್ತಿದ್ದಾನೆ ಎಂದು ನಾನು ಚೆಂಡು ಎಸೆದೆ. ಹೊಟ್ಟೆ ನೋಯುವಾಗಲೂ ನಾಯಿ ಹೀಗೇ ನಿಲ್ಲುತ್ತದೆ. ಆಟಕ್ಕೆ ಹಾಗೆ ಬಾಗಿದ ನಾಯಿ ಮರುಕ್ಷಣ ಜಿಗಿಯುತ್ತದೆ, ನೋವಿಗೆ ಬಾಗಿದ್ದು ಹಾಗೇ ನಿಂತಿರುತ್ತದೆ. ನೀರನ್ನೂ ಬಿಟ್ಟ ಮೇಲೆ ಇನ್ನೊಂದು ಕಡೆ ಓಡಿದೆವು. ಅಲ್ಲಿದ್ದ ಡಾಕ್ಟರಮ್ಮ ತಿಂದದ್ದನ್ನು ಕೇಳಲಿಲ್ಲ. "ಮನೆಯಾಗ ಏನರ ಕಾಣಿಸವಲ್ದೇನ್ರಿ? ಸಾಕ್ಸ್, ಚೆಂಡು, ಏನರ?" ಎಂದು ಕೇಳಿದರು. ಆಗ ನನಗೆ ಬೆಂಡು ನೆನಪಾಯಿತು.

ಎಕ್ಸ್-ರೇಯಲ್ಲಿ ಬೆಂಡು ಕಾಣಲಿಲ್ಲ. ಎಲುಬು, ಕಲ್ಲು, ನಾಣ್ಯ, ಸೂಜಿ ಎದ್ದು ಕಾಣುತ್ತವೆ. ಬೆಂಡು, ಬಟ್ಟೆ, ತೆಳು ಪ್ಲಾಸ್ಟಿಕ್ ಎಷ್ಟೋ ಸಲ ಕಾಣುವುದಿಲ್ಲ. ಕಂಡದ್ದು ಗಾಳಿ ತುಂಬಿ ಉಬ್ಬಿದ ಕರುಳು. ಸ್ಕ್ಯಾನಿಂಗ್ ಮಾಡಿ ಖಾತ್ರಿ ಮಾಡಿಕೊಂಡು ಅದೇ ರಾತ್ರಿ ಆಪರೇಷನ್ ಮಾಡಿದರು. ಬೆಂಡು ಒತ್ತಿ ಕೂತ ಜಾಗದಲ್ಲಿ ರಕ್ತ ಹರಿಯದೆ ಕರುಳು ಕಪ್ಪಾಗಿತ್ತು. ಒಂದು ಗೇಣು ಕರುಳು ಕತ್ತರಿಸಿ ತೆಗೆದು ಎರಡು ತುದಿ ಸೇರಿಸಿ ಹೊಲಿದರು. ಬೇಗ ಬಂದಿದ್ದರೆ ಕರುಳನ್ನು ಸ್ವಲ್ಪ ಸೀಳಿ, ಬೆಂಡು ತೆಗೆದು, ಹೊಲಿದು ಕಳಿಸಬಹುದಿತ್ತಂತೆ. ಆಪರೇಷನ್ ಆದರೆ ಮುಗಿಯಿತು ಎಂದುಕೊಳ್ಳಬೇಡಿ. ಹೊಲಿಗೆ ಬಿಟ್ಟು ಸೋರುವ ಭಯ ಹೆಚ್ಚಾಗಿ 3ರಿಂದ 5ನೇ ದಿನದ ಒಳಗೆ ಇರುತ್ತದೆ. ಆ ರಾತ್ರಿಗಳಲ್ಲಿ ಅವ್ವ ಅವನ ಪಕ್ಕದಲ್ಲೇ ಚಾಪೆ ಹಾಸಿ ಮಲಗಿದಳು. ಕಾಳ್ಯಾ ಉಳಿದ. ದುಡ್ಡಿನ ಮಾತು ಬಿಡಿ, ಅವನು ಪಟ್ಟ ನೋವು ನನಗೆ ಮರೆಯುವುದಿಲ್ಲ.

ಈಗ ನಿಮ್ಮ ಉಪ್ಪು ನೀರಿಗೆ ಬರುತ್ತೇನೆ. ಇದನ್ನು ಹೇಳಿಕೊಟ್ಟವರ ಮೇಲೆ ನನಗೆ ಸಿಟ್ಟಿದೆ. ವಾಂತಿ ಆಗುವಷ್ಟು ಉಪ್ಪು ಹೊಟ್ಟೆಗೆ ಹೋಗಿ ವಾಂತಿ ಆಗದೇ ಇದ್ದರೆ ಆ ಉಪ್ಪು ರಕ್ತಕ್ಕೆ ಸೇರುತ್ತದೆ. ರಕ್ತದಲ್ಲಿ ಸೋಡಿಯಂ ಏರಿದರೆ ಮಿದುಳಿಗೆ ಪೆಟ್ಟು. ನಡುಕ ಬರುತ್ತದೆ, ಫಿಟ್ಸ್ ಬರುತ್ತದೆ, ಸಾವೂ ಬರಬಹುದು. ವಾಟೆಯಿಂದ ಉಳಿಯಬಹುದಾದ ನಾಯಿ ಉಪ್ಪಿನಿಂದ ಹೋಗುತ್ತದೆ. ಬಲವಂತವಾಗಿ ಗಂಟಲಿಗೆ ಸುರಿದರೆ ನೀರು ಶ್ವಾಸಕೋಶಕ್ಕೂ ಹೋಗಬಹುದು. ಇಡೀ ವಾಟೆ ದೊಡ್ಡದು. ಮೇಲಕ್ಕೆ ಬರುವಾಗ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಮನೆಯಲ್ಲಿ ಏನು ಮಾಡುತ್ತೀರಿ? ಹರಳೆಣ್ಣೆ ಕುಡಿಸಿ ಎನ್ನುವವರೂ ಸಿಗುತ್ತಾರೆ. ಮುಚ್ಚಿದ ದಾರಿಗೆ ಹಿಂದಿನಿಂದ ನೂಕುವ ಕೆಲಸವೇ ಅದು, ಮೇಲೆ ಹೇಳಿದೆನಲ್ಲ. ಬಾಳೆಹಣ್ಣು ತಿನ್ನಿಸಿದರೆ ವಾಟೆ ಜಾರುತ್ತದೆ ಎನ್ನುವುದು ಬರೀ ಆಸೆ.

ವಾಂತಿ ಮಾಡಿಸುವುದು ತಪ್ಪು ಎಂದು ನಾನು ಹೇಳುತ್ತಿಲ್ಲ. ಡಾಕ್ಟರು ಇಂಜೆಕ್ಷನ್ ಕೊಟ್ಟು ಮಾಡಿಸುತ್ತಾರೆ, ಅದೂ ವಸ್ತು ಇನ್ನೂ ಹೊಟ್ಟೆಯಲ್ಲೇ ಇರುವಾಗ, ಸಾಮಾನ್ಯವಾಗಿ ಮೊದಲ 2 ಗಂಟೆಯ ಒಳಗೆ. ನಿಮಗೆ ಇನ್ನೂ ಆ ಹೊತ್ತು ಇದೆ, ಅದಕ್ಕೇ ಇಷ್ಟು ಅವಸರ ಮಾಡುತ್ತಿದ್ದೇನೆ. ವಾಟೆಯ ಗಾತ್ರ ನೋಡಿ ವಾಂತಿ ಬೇಡ ಎನ್ನಲೂಬಹುದು. ಕ್ಯಾಮೆರಾ ಇರುವ ಕೊಳವೆ ಇಳಿಸಿ ತೆಗೆಯುವುದೂ ಉಂಟು. ಕಾಯೋಣ ಎಂದರೂ ಎಂದಾರು. ಆದರೆ ಅವರು ಕಾಯುವುದು ಮತ್ತೆ ಮತ್ತೆ ಎಕ್ಸ್-ರೇ ತೆಗೆದು, ಎಲ್ಲಿದೆ ಎಂದು ನೋಡುತ್ತಾ. ನೀವು ಮನೆಯಲ್ಲಿ ಕಕ್ಕ ನೋಡುತ್ತಾ ಕಾಯುವುದಕ್ಕೂ ಅದಕ್ಕೂ ತುಂಬಾ ದೂರ. ಕಕ್ಕ ನಂಬುವ ಸಾಕ್ಷಿಯೂ ಅಲ್ಲ. ಅಡ್ಡ ಕೂತ ಜಾಗದಿಂದ ಮುಂದೆ ಮೊದಲೇ ಇದ್ದದ್ದು ಹೊರಗೆ ಬರುತ್ತಲೇ ಇರುತ್ತದೆ.

ಹೊರಡುವಾಗ ಅದೇ ಅಳತೆಯ ಇನ್ನೊಂದು ವಾಟೆ ಚೀಲಕ್ಕೆ ಹಾಕಿಕೊಳ್ಳಿ. ಡಾಕ್ಟರ ಟೇಬಲ್ ಮೇಲೆ ಇಡಿ. ನಿಮ್ಮ ಮೊದಲ ಮಾತೇ "ಇಂಥದ್ದು ನುಂಗಿದೆ, ಇಷ್ಟು ಗಂಟೆಗೆ" ಎಂದಿರಲಿ. ವಾಂತಿ, ಊಟ, ಆಟ ಎಲ್ಲ ಆಮೇಲೆ. ಈಗಾಗಲೇ ಉಪ್ಪು ನೀರು ಕುಡಿಸಿದ್ದರೆ ಅದನ್ನೂ ಹೇಳಿ, ಬೈಯಬಹುದು ಎಂದು ಮುಚ್ಚಿಡಬೇಡಿ.

ಓದುವ ಬೇರೆಯವರಿಗೂ ಒಂದು ಮಾತು ಹೇಳಬೇಕು, ಯಾಕೆಂದರೆ ನಮ್ಮ ಪಕ್ಕದ ಮನೆಯಲ್ಲಿ ಕಸೂತಿ ಹಾಕುತ್ತಾರೆ, ಅವರ ಮನೆಯಲ್ಲೂ ನಾಯಿ ಇದೆ. ವಾಟೆಗಿಂತ ನನಗೆ ಜಾಸ್ತಿ ಭಯ ದಾರದ್ದು. ದಾರದ ಒಂದು ತುದಿ ನಾಲಿಗೆಯ ಕೆಳಗೋ ಹೊಟ್ಟೆಯ ಬಾಯಲ್ಲೋ ಸಿಕ್ಕಿಕೊಂಡು ಇನ್ನೊಂದು ತುದಿ ಕರುಳಿಗೆ ಇಳಿದರೆ, ಲಾಡಿ ಎಳೆದಾಗ ಪಾಯಿಜಾಮದ ಸೊಂಟ ನೆರಿಗೆ ಕಟ್ಟುವ ಹಾಗೆ ಕರುಳು ನೆರಿಗೆ ಕಟ್ಟುತ್ತದೆ. ದಾರ ಒಳಗಿನಿಂದಲೇ ಕರುಳನ್ನು ಕೊಯ್ಯುತ್ತದೆ. ಬಾಯಲ್ಲೋ ಹಿಂದೆಯೋ ದಾರದ ತುದಿ ನೇತಾಡುತ್ತಿದ್ದರೆ ದಯವಿಟ್ಟು ಎಳೆಯಬೇಡಿ. ಹಾಗೇ ಕರೆದುಕೊಂಡು ಹೋಗಿ. ಗಡಿಯಾರದ ಗುಂಡು ಸೆಲ್, ಸೀಮೆಎಣ್ಣೆ, ಕಕ್ಕಸು ತೊಳೆಯುವ ಆ್ಯಸಿಡ್, ಚೂಪಾದ ವಸ್ತು, ಇವಕ್ಕೆ ವಾಂತಿ ಮಾಡಿಸಲೇಬಾರದು. ಮೇಲೆ ಬರುವಾಗ ಇನ್ನೊಮ್ಮೆ ಸುಡುತ್ತವೆ, ಕೊಯ್ಯುತ್ತವೆ, ಸೀಮೆಎಣ್ಣೆಯಾದರೆ ಶ್ವಾಸಕೋಶಕ್ಕೆ ಹೋಗಬಹುದು. ಸಾವಜಿ ಖಾನಾವಳಿಯಿಂದ ತಂದ ಮಟನ್ನಿನ ಎಲುಬನ್ನು ಪ್ರೀತಿಯಿಂದ ಹಾಕುವವರಿಗೂ ಕೇಳಿಕೊಳ್ಳುತ್ತೇನೆ, ಬೆಂದ ಎಲುಬು ಚೂಪಾಗಿ ಸೀಳುತ್ತದೆ, ಹಾಕಬೇಡಿ.

ದಾರಿಯಲ್ಲಿ ನಿಮ್ಮ ಲ್ಯಾಬ್‌ಗೆ ತಿನ್ನಲು ಏನೂ ಕೊಡಬೇಡಿ. ಅರಿವಳಿಕೆ ಕೊಡಬೇಕಾಗಿ ಬಂದರೆ ಹೊಟ್ಟೆ ಖಾಲಿ ಇರುವುದು ಒಳ್ಳೆಯದು. ತುಟಿ ಎತ್ತಿ ಒಸಡು ನೋಡಿ. ತಿಳಿ ಗುಲಾಬಿ ಬಣ್ಣ ಇರಬೇಕು. ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಚಿದ ಜಾಗಕ್ಕೆ 2 ಸೆಕೆಂಡಿನ ಒಳಗೆ ಬಣ್ಣ ಮರಳಬೇಕು. ಒಸಡು ಬಿಳಿಚಿಕೊಂಡಿದ್ದರೆ, ಹೊಟ್ಟೆ ಉಬ್ಬಿ ಬಿಗಿಯಾಗಿದ್ದರೆ, ಓಕರಿಸಿದರೂ ಏನೂ ಹೊರಗೆ ಬರದಿದ್ದರೆ ದವಾಖಾನೆಗೆ ಮತ್ತೆ ಫೋನ್ ಮಾಡಿ ಬಾಗಿಲಲ್ಲೇ ಕಾಯಲು ಹೇಳಿ. ಹಾವೇರಿಯಲ್ಲಿ ಈ ಹೊತ್ತಿಗೆ ಎಕ್ಸ್-ರೇ ಸಿಗದಿದ್ದರೆ ಹೆದ್ದಾರಿ ಹಿಡಿಯಿರಿ, ಹುಬ್ಬಳ್ಳಿ ಒಂದೂವರೆ ಗಂಟೆಯ ಒಳಗಿನ ದಾರಿ. ಗದಗ ನಿಮಗೆ ಹತ್ತಿರವಾದರೆ ಅಲ್ಲಿ ಪಶುವೈದ್ಯಕೀಯ ಕಾಲೇಜು ಇದೆ. ಎಲ್ಲಿಗೆ ಹೋಗುವುದಾದರೂ ಫೋನಿನಲ್ಲಿ ಮೂರು ವಿಷಯ ಕೇಳಿ: ಡಾಕ್ಟರು ಈಗ ಇದ್ದಾರಾ, ಎಕ್ಸ್-ರೇ ನಡೆಯುತ್ತಿದೆಯಾ, ಬೇಕಾದರೆ ರಾತ್ರಿ ಆಪರೇಷನ್ ಮಾಡುತ್ತಾರಾ. ಮೂರಕ್ಕೂ ಹೌದು ಎಂದ ಕಡೆಗೆ ಗಾಡಿ ತಿರುಗಿಸಿ.