ಮಿಜೋರಾಂನ ಡೋಲು, ನಮ್ಮ ಧ್ವನಿವರ್ಧಕ

ಪತ್ರ: ಬ್ಯಾಂಕ್ ಕೆಲಸದ ಮೇಲೆ ಐಜಾಲ್‌ನಲ್ಲಿದ್ದು ಬಂದಿದ್ದೇನೆ. ಅಲ್ಲಿ ಭಾನುವಾರ ಒಂದು ಲೋಟ ಚಹಾ ಸಿಗುವುದಿಲ್ಲ, ಅಂಗಡಿಗಳೆಲ್ಲ ಬಂದ್. ಎಲ್ಲಿ ನೋಡಿದರೂ ಚರ್ಚು, ಗಿಟಾರು, ಕೋಟು. ಮಿಷನರಿಗಳು ಆ ಜನರ ಸಂಸ್ಕೃತಿಯನ್ನು ಗುಡಿಸಿ ಹಾಕಿದ್ದಾರೆ. ನಿಮ್ಮ ಪತ್ರಿಕೆ ಇದನ್ನೇಕೆ ಬರೆಯುವುದಿಲ್ಲ?
– ಓದುಗರೊಬ್ಬರು, ಹಾವೇರಿ

ಸಂಪಾದಕರ ಉತ್ತರ: ಬರೆಯುತ್ತೇನೆ, ಆದರೆ ನಿಮಗೆ ಹಿಡಿಸುವ ಹಾಗೆ ಬರೆಯುತ್ತೇನೆಂಬ ಭರವಸೆ ಇಲ್ಲ.

ನಿಮ್ಮ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಮಿಜೋ ಹಳ್ಳಿಗಳಲ್ಲಿ ಅವಿವಾಹಿತ ಯುವಕರು ಒಟ್ಟಿಗೆ ಮಲಗುತ್ತಿದ್ದ ಝೋಲ್‌ಬುಕ್ ಮನೆಗಳು ಇಲ್ಲವಾದವು. ಅಕ್ಕಿಯ ಮದ್ಯ ಹಂಚುವ ಕಡೆ ಬಾರಿಸುತ್ತಿದ್ದರೆಂಬ ಕಾರಣಕ್ಕೆ ಡೋಲನ್ನು ಆರಾಧನೆಯಿಂದ ಹೊರಗಿಟ್ಟರು. ಚರ್ಚಿನ ಸಭೆಯ ಮಾತಿಗೆ ಎದುರಾಡುವವನ ಬದುಕು ಅಲ್ಲಿ ಈಗಲೂ ಸಲೀಸಲ್ಲ. ಒಪ್ಪಿದೆ, ಮುಂದೆ ಹೋಗೋಣ.

ಕಿಟೆಲ್ಲರ ನಿಘಂಟು ಅಚ್ಚಾದ 1894ರಲ್ಲೇ, ಜನವರಿಯಲ್ಲಿ, ಲೊರೇನ್ ಮತ್ತು ಸ್ಯಾವಿಜ್ ಎಂಬ ಇಬ್ಬರು ಮಿಷನರಿಗಳು ಐಜಾಲ್ ಬಳಿಯ ಸೈರಾಂಗಿನಲ್ಲಿ ದೋಣಿಯಿಂದಿಳಿದರು. ಅವರ ಖರ್ಚು ವಹಿಸಿಕೊಂಡವನು ಲೀಡ್ಸ್‌ನ ಆರ್ಥಿಂಗ್‌ಟನ್. ಕೋಟ್ಯಧೀಶನಾಗಿದ್ದೂ ಜಿಪುಣನೆಂದು ಊರವರಿಂದ ಬೈಸಿಕೊಂಡ ಆಸಾಮಿ. (ಬೈದವರ ಹೆಸರು ಯಾರಿಗೂ ನೆನಪಿಲ್ಲ.) ನಾಲ್ಕು ವರ್ಷದೊಳಗೆ ಮಿಜೋ ಭಾಷೆಗೆ ಲಿಪಿ ಮಾಡಿಟ್ಟು ಆ ಇಬ್ಬರೂ ಹೊರಟರು. ಮುಂದಿನ ಕತೆಯ ಬಹುಪಾಲು ಮಿಜೋ ಜನರದ್ದೇ. 1906ರಲ್ಲಿ ಖಾಸಿ ಗುಡ್ಡಗಳಲ್ಲಿ ಉಜ್ಜೀವನ, ಎಂದರೆ ಸಭೆಗಳಲ್ಲಿ ಭಕ್ತಿಯ ಹೊಸ ಅಲೆ, ನಡೆಯುತ್ತಿದೆಯೆಂದು ಕೇಳಿ ಅವರೇ ಕೆಲವರು ಅಲ್ಲಿನ ಮೈರಾಂಗ್‌ವರೆಗೆ ಹೋಗಿ ಬಂದರು. 1919ರಲ್ಲಿ ಇನ್ನೂ ದೊಡ್ಡ ಉಜ್ಜೀವನ ಬಂತು. ಹೊರಗಿಟ್ಟಿದ್ದ ಡೋಲು ಮೆಲ್ಲಗೆ ಒಳಗೆ ಬಂದದ್ದು ಆ ಕಾಲದಲ್ಲೇ. ದೊಡ್ಡದೊಂದು ಚಿಕ್ಕದೊಂದು ಡೋಲಿನ ಬಡಿತಕ್ಕೆ ರಾಗವನ್ನು ಎಳೆದೆಳೆದು, ತಮ್ಮದೇ ಹಳೆಯ ಕಾವ್ಯದ ನುಡಿಯಲ್ಲಿ ಹಾಡುವ 'ಲೆಂಗ್‌ಖೋಮ್ ಝಾಯ್' ಹುಟ್ಟಿತು. ಹಾಡು ಏರಿದಾಗ ಅಜ್ಜಿಯರೂ ಎದ್ದು ನಡುವೆ ಕುಣಿಯುತ್ತಾರೆ. ಇದು ಗುಡಿಸಿ ಹೋದ ಸಂಸ್ಕೃತಿಯೇ?

ಭಾನುವಾರದ ಚಹಾದ ಬಗ್ಗೆ ಇಷ್ಟೊಂದು ಕೋಪವೇಕೆ? ಐಜಾಲ್‌ನಿಂದ ಸೇಲಿಂಗ್ ಕಡೆಗೆ ಹೋದವರು ರಸ್ತೆ ಬದಿಯ ಬಿದಿರು ಗೂಡಂಗಡಿಗಳನ್ನು ಕಂಡಿರುತ್ತಾರೆ. ತರಕಾರಿ, ಹಣ್ಣು ಇಟ್ಟಿರುತ್ತಾರೆ, ಬೆಲೆ ಬರೆದಿರುತ್ತಾರೆ, ದುಡ್ಡು ಹಾಕಲು ಒಂದು ಡಬ್ಬಿ ಇರುತ್ತದೆ. ಮಾರುವವರು ಹೊಲದಲ್ಲಿರುತ್ತಾರೆ. ಬ್ಯಾಂಕಿನವರಾದ ನಿಮಗೆ ಆ ಡಬ್ಬಿಯ ಲೆಕ್ಕ ಸ್ವಾರಸ್ಯವೆನಿಸಲಿಲ್ಲವೇ?

ಇನ್ನು ಹಿಡಿ ಅಕ್ಕಿ. ಮನೆಯಾಕೆ ಅನ್ನಕ್ಕೆ ಅಕ್ಕಿ ಅಳೆದ ಮೇಲೆ ಒಂದು ಹಿಡಿ ತೆಗೆದು ಬೇರೆ ಪಾತ್ರೆಗೆ ಹಾಕುತ್ತಾಳೆ, ಪ್ರತಿ ಅಡುಗೆಗೂ. ಸಭೆಯ ಹೆಂಗಸರು ಅದನ್ನು ಮನೆಮನೆಯಿಂದ ಕೂಡಿಸಿ ಮಾರುತ್ತಾರೆ. 1910ರಲ್ಲಿ ಶುರುವಾದ ಈ ಪದ್ಧತಿಯಿಂದ ಇಂದು ವರ್ಷಕ್ಕೆ ಕೋಟಿಗಟ್ಟಲೆ ರೂಪಾಯಿ ಹುಟ್ಟುತ್ತದೆ. ದೇಣಿಗೆ ಕೊಟ್ಟವರ ಹೆಸರು ಕೆತ್ತಿದ ಅಮೃತಶಿಲೆ ಇದಕ್ಕೆ ಬೇಕಾಗಿಲ್ಲ. ನಮ್ಮಲ್ಲಿ ಟ್ಯೂಬ್‌ಲೈಟ್ ಕೊಟ್ಟವನೂ ಬೆಳಕಿಗೆ ಅಡ್ಡವಾಗುವಂತೆ ತನ್ನ ಹೆಸರು ಬರೆಸುತ್ತಾನೆ.

ಸಾವಿನ ಮನೆಗೆ ಬನ್ನಿ. ಸಭೆಯ ಆಸರೆಯಲ್ಲಿ 1935ರಲ್ಲಿ ಆರಂಭವಾದ ಯುವಕರ ಸಂಘ ವೈಎಂಎ (ಯಂಗ್ ಮಿಜೋ ಅಸೋಸಿಯೇಷನ್). ಬಡಾವಣೆಯಲ್ಲಿ ಯಾರೇ ತೀರಿಕೊಂಡರೂ ಅದರ ಹುಡುಗರು ಗುಂಡಿ ತೋಡುತ್ತಾರೆ. ಸಂಜೆ ನೆರೆಹೊರೆ ಆ ಮನೆಯಲ್ಲಿ ಕೂಡಿ ಹಾಡುತ್ತದೆ. ಕೂಲಿಯ ಮಾತೇ ಇಲ್ಲ. ಅಂಥ ಮನೆಗೆ ನೀವು ಒಮ್ಮೆಯಾದರೂ ಹೋಗಿದ್ದಿರೋ, ಪತ್ರದಲ್ಲಿ ಸುಳಿವಿಲ್ಲ. ಕಳೆದ ವರ್ಷ ನಮ್ಮ ಬೀದಿಯ ನಿವೃತ್ತ ಮೇಷ್ಟರು ಹೋದಾಗ ಹೆಗಲು ಕೊಡಲು ನಾಲ್ಕು ಜನ ಸಾಲದೆ ವ್ಯಾನಿನ ಚಾಲಕನನ್ನು ಕರೆಯಬೇಕಾಯಿತು. ಬೀದಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮಾತ್ರ 'ಓಂ ಶಾಂತಿ'ಗಳ ಸಾಲು ಮುಗಿಯಲೇ ಇಲ್ಲ.

ಭಜನಾ ಮಂಡಳಿಗಳ ತಾಳಗಳು ಬೀರು ಸೇರಿವೆ. ರಾಮನವಮಿಗೆ ಪೆಂಡಾಲಿನಲ್ಲಿ ರೆಕಾರ್ಡು ಕಿರುಚುತ್ತದೆ, ಪಾನಕ ಕುಡಿದವರು ಚಪ್ಪಲಿ ಹುಡುಕಿಕೊಂಡು ಹೊರಡುತ್ತಾರೆ. ಮದುವೆಯಲ್ಲಿ ಸೋಬಾನೆ ಹಾಡಬಲ್ಲ ಹೆಂಗಸರಿದ್ದರೂ ವಿಡಿಯೋದವನು "ಸ್ವಲ್ಪ ಪಕ್ಕಕ್ಕೆ ಬನ್ನಿ ಅಮ್ಮಾ" ಎನ್ನುತ್ತಾನೆ. ಇದನ್ನೆಲ್ಲ ಯಾವ ಮಿಷನರಿಯ ತಲೆಗೆ ಕಟ್ಟುತ್ತೀರಿ?

ನಿಮ್ಮ ಓಣಿಯಲ್ಲಿ ಭಜನೆ ಇನ್ನೂ ನಡೆಯುತ್ತಿದ್ದರೆ ಯಾರು ಹಾಡುತ್ತಾರೆ, ಎಷ್ಟು ಹೊತ್ತಿನವರೆಗೆ, ನೀವೂ ಕೂರುತ್ತೀರೋ ಇಲ್ಲವೋ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.