ಕಾಲೇಜಿನಿಂದ ಊರು ಏನನ್ನು ಕೇಳಬಹುದು?

ಪ್ರಶ್ನೆ: ಹತ್ತಿರದ ಕಾಲೇಜಿನ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ನಮ್ಮ ಬಡಾವಣೆಗೆ ಪೊರಕೆ ಹಿಡಿದು ಬಂದು, ಬ್ಯಾನರ್ ಮುಂದೆ ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಊರಿಗೂ ಕಾಲೇಜಿಗೂ ಇರುವ ನಂಟು ಇಷ್ಟೇ ಏನು?
– ನಿವೃತ್ತ ಶಿಕ್ಷಕಿ, ಚಿತ್ರದುರ್ಗ

ಉತ್ತರ: ಇಷ್ಟೇ ಆಗಬೇಕಾಗಿಲ್ಲ. 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ ನಿಯಮದಂತೆ ಸ್ವಯಂಸೇವಕರು ಎರಡು ವರ್ಷಗಳಲ್ಲಿ 240 ಗಂಟೆ ಸೇವೆ ಸಲ್ಲಿಸಬೇಕು; ಏಳು ದಿನಗಳ ವಿಶೇಷ ಶಿಬಿರವೂ ಉಂಟು. ಅಷ್ಟು ಗಂಟೆಗಳನ್ನು ಗುಡಿಸುವುದರಲ್ಲೇ ಕಳೆಯುವುದು ನನಗೆ ಅಪವ್ಯಯವಾಗಿ ಕಾಣುತ್ತದೆ, ಏಕೆಂದರೆ ಪೌರಕಾರ್ಮಿಕರು ಆ ಕೆಲಸವನ್ನು ದಿನವೂ, ಇನ್ನೂ ಚೆನ್ನಾಗಿ ಮಾಡುತ್ತಾರೆ. ಊರಿನ ಬೇರೆ ಯಾರ ಬಳಿಯೂ ಸುಲಭವಾಗಿ ಸಿಗದ ವಿದ್ಯೆ ಕಾಲೇಜಿನಲ್ಲಿದೆ, ಕೇಳಬೇಕಾದದ್ದು ಅದನ್ನು.

ಹಿಂದೆ ಮೈಸೂರು ವಿಶ್ವವಿದ್ಯಾನಿಲಯದ ಅಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಮಾಡುತ್ತಿದ್ದ ಪ್ರಚಾರೋಪನ್ಯಾಸಗಳು ಅಗ್ಗದ ಕಿರುಹೊತ್ತಗೆಗಳಾಗಿ ಹೊರಬಂದು, ಕಾಲೇಜಿನ ಮೆಟ್ಟಿಲು ಹತ್ತದವರ ಕೈಗೂ ಸೇರಿದ್ದವು. ಆದರೆ ನಿಮ್ಮ ಜಿಲ್ಲೆಯಲ್ಲಿ ನಾನಾದರೆ ನೀರಿನಿಂದಲೇ ಆರಂಭಿಸುತ್ತೇನೆ. ಅಲ್ಲಿನ ಹಲವು ಕಡೆ ಅಂತರ್ಜಲದಲ್ಲಿ, ಅತಿಯಾದರೆ ಹಲ್ಲು, ಮೂಳೆಗಳನ್ನು ಕೆಡಿಸುವ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ ಎಂಬುದು ಎಷ್ಟೋ ಮನೆಗಳಿಗೆ ಗೊತ್ತಿಲ್ಲ. ಬಿ.ಎಸ್‌ಸಿ. ವಿದ್ಯಾರ್ಥಿಗಳು ನೀರಿನ ಗಡಸುತನ ಅಳೆಯಲು ಬ್ಯುರೆಟ್‌ನಿಂದ ಇ.ಡಿ.ಟಿ.ಎ. ಎಂಬ ರಾಸಾಯನಿಕದ ದ್ರಾವಣವನ್ನು ಹನಿಹನಿಯಾಗಿ ಬಿಟ್ಟು, ಕೆಂಪು ಬಣ್ಣ ನೀಲಿಗೆ ತಿರುಗುವುದನ್ನು ಕಾಯುತ್ತಾರಲ್ಲ, ಆ ಪ್ರಯೋಗಕ್ಕೆ ನಲ್ಲಿ ನೀರಿನ ಬದಲು ನಿಮ್ಮ ಬಡಾವಣೆಯ ಕೊಳವೆಬಾವಿಗಳ ನೀರನ್ನೇ ಬಳಸಬಹುದು. ಫ್ಲೋರೈಡಿಗೆ ಬೇರೆ ಉಪಕರಣ ಬೇಕು. ಅದು ಕಾಲೇಜಿನಲ್ಲಿ ಇಲ್ಲದಿದ್ದರೆ ವಿದ್ಯಾರ್ಥಿಗಳು ಮಾದರಿಗಳನ್ನು ಸಂಗ್ರಹಿಸಿ, ಬಾಟಲಿಗಳಿಗೆ ಸ್ಥಳ, ದಿನಾಂಕದ ಚೀಟಿ ಅಂಟಿಸಿ ಜಿಲ್ಲಾ ಪ್ರಯೋಗಾಲಯಕ್ಕೆ ತಲುಪಿಸಲಿ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಹೀಗೆ ಪ್ರತಿವರ್ಷ ನಡೆದರೆ, ನಗರಸಭೆಯ ಮುಂದಿಡಲು ನಿಮ್ಮ ಬಳಿ ದೂರಿನ ಜೊತೆಗೆ ದಾಖಲೆಯೂ ಇರುತ್ತದೆ.

ಫೋಟೊದ ಬಗ್ಗೆ ಒಂದು ಮಾತು: ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಮೌಲ್ಯಮಾಪನದಲ್ಲಿ ಊರಿನ ನಡುವೆ ನಡೆಸುವ ವಿಸ್ತರಣಾ ಚಟುವಟಿಕೆಗಳೂ ಲೆಕ್ಕಕ್ಕೆ ಬರುವುದರಿಂದ ಕಾಲೇಜುಗಳಿಗೆ ಪುರಾವೆ ಬೇಕಾಗುತ್ತದೆ, ಅದನ್ನು ತಪ್ಪೆನ್ನಲಾರೆ. ನೀರಿನ ವರದಿ ಫೋಟೊಗಿಂತ ಗಟ್ಟಿ ಪುರಾವೆ ಎಂದು ಪ್ರಾಂಶುಪಾಲರಿಗೆ ಬಡಾವಣೆಯ ನಿವಾಸಿಗಳ ಸಂಘದಿಂದಲೇ ಪತ್ರ ಬರೆಯಿರಿ. ಶೈಕ್ಷಣಿಕ ವರ್ಷದ ವೇಳಾಪಟ್ಟಿ ಸಿದ್ಧವಾಗುವ ಮುಂಚೆಯೇ ಅದು ಅವರ ಮೇಜು ತಲುಪಲಿ.